ಗಣಿಗಾರನ ಮಗ ಮಾರ್ಟಿನ್ ಲೂಥರ್

ನಮ್ಮ ಕನ್ನಡ ಶಾಲೆಯ ಇತಿಹಾಸ ಪುಸ್ತಕದಲ್ಲಿ ಮಾರ್ಟಿನ್ ಲೂಥರನಿಗೆ ಸಿಕ್ಕಿದ್ದು ಅರ್ಧ ಪುಟ, ಪರೀಕ್ಷೆಯಲ್ಲಿ ನಾಲ್ಕು ಅಂಕದ ಒಂದು ಟಿಪ್ಪಣಿ. ಜರ್ಮನಿಯ ಒಬ್ಬ ಸನ್ಯಾಸಿ, ಪಾಪವಿಮೋಚನ ಪತ್ರಗಳ ಮಾರಾಟವನ್ನು ವಿರೋಧಿಸಿದ, ಚರ್ಚಿನ ಬಾಗಿಲಿಗೆ 95 ವಾದಸೂತ್ರಗಳನ್ನು ಮೊಳೆ ಹೊಡೆದು ಅಂಟಿಸಿದ, ಪ್ರಾಟೆಸ್ಟಂಟ್ ಪಂಥ ಹುಟ್ಟಿತು, ಅಲ್ಲಿಗೆ ಕಥೆ ಮುಗಿಯಿತು. ಬಾಯಿಪಾಠ ಮಾಡಿ ಬರೆದರೆ ನಾಲ್ಕಕ್ಕೆ ಮೂರಾದರೂ ಗ್ಯಾರಂಟಿ.

ಆದರೆ ಕಾಮರ್ಸಿಗೆ ಬಂದ ಮೇಲೆ ನನಗೆ ಆ ಅರ್ಧ ಪುಟ ಬೇರೆಯೇ ರೀತಿ ಕಾಣಲು ಶುರುವಾಯಿತು. ಮಾರಾಟ ಎಂದ ಮೇಲೆ ದರ ಎಷ್ಟು? ಬಂದ ಹಣ ಯಾರ ಖಾತೆಗೆ ಜಮಾ ಆಯಿತು? ಇಷ್ಟು ದೊಡ್ಡ ವ್ಯವಹಾರಕ್ಕೆ ಬಂಡವಾಳ ಹಾಕಿದವರು ಯಾರು? ಈ ಪ್ರಶ್ನೆಗಳನ್ನು ಹಿಡಿದು ಲೈಬ್ರರಿಯಲ್ಲಿ ಕೂತು ಓದುತ್ತಾ ಹೋದಾಗ ಸಿಕ್ಕಿದ ಮನುಷ್ಯ ನಮ್ಮ ಪಠ್ಯಪುಸ್ತಕದ ಲೂಥರನಿಗಿಂತ ಬಹಳ ದೊಡ್ಡವನು. ಹಾಗೆಯೇ, ಬಹಳ ಕಷ್ಟದವನು ಕೂಡ. ನಮ್ಮ ಸಂಘದಲ್ಲಿ ಸಾಹಿತ್ಯ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ಆದ್ದರಿಂದ ನಾನು ಲೆಕ್ಕ ಬರೆಯುವವನ ಕಣ್ಣಿನಿಂದಲೇ ಅವನ ಜೀವನವನ್ನು ಹೇಳುತ್ತೇನೆ. ಓದುಗ ಮಿತ್ರರು ಸಹಿಸಿಕೊಳ್ಳಬೇಕು.

ಲೂಥರ್ ಹುಟ್ಟಿದ್ದು 1483ನೇ ಇಸವಿ ನವೆಂಬರ್ 10ರಂದು, ಜರ್ಮನಿಯ ಐಸ್ಲೇಬೆನ್ ಎಂಬ ಊರಿನಲ್ಲಿ. ಮರುದಿನ ಸಂತ ಮಾರ್ಟಿನನ ಹಬ್ಬ. ಅಂದೇ ದೀಕ್ಷಾಸ್ನಾನ ಮಾಡಿಸಿ ಅದೇ ಹೆಸರನ್ನಿಟ್ಟರು. ತಂದೆ ಹಾನ್ಸ್ ರೈತ ಕುಟುಂಬದಿಂದ ಬಂದವನು. ಮಗ ಹುಟ್ಟಿದ ಮರುವರ್ಷ ಮಾನ್ಸ್‌ಫೆಲ್ಡ್ ಎಂಬ ಊರಿಗೆ ಹೋಗಿ ತಾಮ್ರದ ಗಣಿಗಾರಿಕೆಯ ಕಸುಬು ಹಿಡಿದು, ಮುಂದೆ ಅದಿರು ಕರಗಿಸುವ ಕುಲುಮೆಗಳನ್ನು ಗುತ್ತಿಗೆಗೆ ಪಡೆದು ಮೇಲೆ ಬಂದನು. ಗುತ್ತಿಗೆ, ಸಾಲ, ಬಡ್ಡಿ, ಬಾಕಿ ಇವೆಲ್ಲ ಆ ಮನೆಯಲ್ಲಿ ದಿನಬೆಳಗಾದರೆ ಕೇಳುವ ಮಾತುಗಳೇ. ಇಂಥ ತಂದೆಗೆ ಮಗನ ಬಗ್ಗೆ ಒಂದೇ ಆಸೆ: ಹುಡುಗ ಕಾನೂನು ಓದಿ ವಕೀಲನಾಗಬೇಕು, ಮನೆಯ ವ್ಯವಹಾರಕ್ಕೆ ಆಸರೆಯಾಗಬೇಕು. ಈ ಆಸೆ ನಮ್ಮಲ್ಲಿ ಅನೇಕರ ಮನೆಯಲ್ಲೂ ಉಂಟು ಬಿಡಿ, ಹೊಸದಾಗಿ ವಿವರಿಸಬೇಕಾಗಿಲ್ಲ.

ಹುಡುಗ ಬುದ್ಧಿವಂತ. 1501ರಲ್ಲಿ ಎರ್‌ಫುರ್ಟ್ ವಿಶ್ವವಿದ್ಯಾಲಯ ಸೇರಿದನು, 1505ರ ಹೊತ್ತಿಗೆ ಎಂ.ಎ. ಪದವಿ ಪಡೆದನು. ತಂದೆಯ ಇಷ್ಟದಂತೆ ಕಾನೂನು ತರಗತಿಗೂ ಸೇರಿದ್ದಾಯಿತು. ಅದೇ ವರ್ಷ ಜುಲೈ 2ರಂದು ಊರಿಂದ ಎರ್‌ಫುರ್ಟಿಗೆ ಮರಳುವಾಗ ಷ್ಟೊಟರ್ನ್‌ಹೈಮ್ ಎಂಬ ಹಳ್ಳಿಯ ಹತ್ತಿರ ಗುಡುಗು ಮಿಂಚಿನ ಮಳೆ ಹಿಡಿಯಿತು. ಸಿಡಿಲು ತೀರಾ ಹತ್ತಿರದಲ್ಲೇ ಬಡಿದಾಗ, ಬದುಕಿ ಉಳಿದರೆ ಸನ್ಯಾಸಿಯಾಗುತ್ತೇನೆಂದು ಅವನು ಸಂತ ಅನ್ನಮ್ಮನಿಗೆ ಹರಕೆ ಹೊತ್ತನು. ಅನ್ನಮ್ಮ ಗಣಿ ಕಾರ್ಮಿಕರು ಮೊರೆಹೋಗುವ ಸಂತೆ. ಎರಡೇ ವಾರಗಳಲ್ಲಿ, ಗೆಳೆಯರು ಎಷ್ಟು ತಡೆದರೂ ಕೇಳದೆ, ಅಗಸ್ಟೀನಿಯನ್ ಸನ್ಯಾಸಿಗಳ ಮಠವನ್ನು ಸೇರಿಬಿಟ್ಟನು. ಆಗ ಅವನಿಗೆ ಇಪ್ಪತ್ತೊಂದು ವರ್ಷ, ನಮಗಿಂತ ಒಂದೋ ಎರಡೋ ವರ್ಷ ದೊಡ್ಡವನು. ತಂದೆಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೂ 1507ರಲ್ಲಿ ಮಗ ಗುರುಪಟ್ಟ ಪಡೆದು ಮೊದಲ ಪೂಜೆ ಮಾಡುವ ದಿನ ಹಾನ್ಸ್ ಇಪ್ಪತ್ತು ಕುದುರೆ ಸವಾರರೊಡನೆ ಬಂದು, ಮಠಕ್ಕೆ 20 ಗುಲ್ಡನ್ ಕಾಣಿಕೆ ಕೊಟ್ಟು, ಅದೇ ಊಟದ ಪಂಕ್ತಿಯಲ್ಲಿ ಮಗನನ್ನು ತರಾಟೆಗೆ ತೆಗೆದುಕೊಂಡನು. ಸಿಡಿಲು ದೇವರದೇ ಎಂದು ಏನು ಗ್ಯಾರಂಟಿ, ಸೈತಾನನ ಆಟವೂ ಆಗಿರಬಹುದಲ್ಲವೇ ಎಂಬುದು ತಂದೆಯ ಪ್ರಶ್ನೆ. ಆ ಪ್ರಶ್ನೆ ಲೂಥರನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಮಠದಲ್ಲಿ ಅವನು ಸುಖವಾಗಿರಲಿಲ್ಲ. ಉಪವಾಸ, ಜಾಗರಣೆ, ಚಳಿಯಲ್ಲಿ ಹೊದಿಕೆ ಇಲ್ಲದೆ ಮಲಗುವುದು, ಎಲ್ಲ ಮಾಡಿದ. ಪಾಪನಿವೇದನೆಗೆ ಕೂತರೆ ಕೆಲವು ಸಲ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ನಿವೇದನೆ ಮುಗಿಸಿ ಹೊರಗೆ ಬಂದ ಕೂಡಲೇ ಇನ್ನೊಂದು ಪಾಪ ನೆನಪಾಗಿ ಮತ್ತೆ ಓಡುತ್ತಿದ್ದ. ಮಠದ ಹಿರಿಯ ಷ್ಟೌಪಿಟ್ಸ್ ಎಂಬಾತ ತಂದೆಯಂತೆ ಸಮಾಧಾನ ಹೇಳುತ್ತಿದ್ದ. ಅವನಿಗೂ ಕೊನೆಕೊನೆಗೆ ಸಾಕಾಗಿಹೋಗಿತ್ತು.

ನನ್ನಂಥವನಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಿರ್ದಿ ಪುಸ್ತಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ಅಢಾವೆ ಪತ್ರಿಕೆ ಕೂಡುವುದಿಲ್ಲ. ಎಲ್ಲಿ ತಪ್ಪಿತೆಂದು ಹುಡುಕುತ್ತಾ ರಾತ್ರಿಯೆಲ್ಲ ಕೂತಿರಬೇಕು. ಲೂಥರನ ಸ್ಥಿತಿ ಅದೇ. ದೇವರ ಹತ್ತಿರ ತನ್ನ ಖಾತೆ ಕೂಡಬೇಕು, ಪಾಪದ ಬಾಕಿ ಸೊನ್ನೆಗೆ ಬರಬೇಕು. ಎಷ್ಟು ಜಮಾ ಮಾಡಿದರೂ ಬಾಕಿ ತೀರುತ್ತಿಲ್ಲ, ಏಕೆಂದರೆ ಬಾಕಿ ಎಷ್ಟೆಂಬುದೇ ಅವನಿಗೆ ಗೊತ್ತಿಲ್ಲ.

ಷ್ಟೌಪಿಟ್ಸ್ ಒಂದು ಉಪಾಯ ಮಾಡಿದನು. ಈ ಹುಡುಗನನ್ನು ಸುಮ್ಮನೆ ಕೂರಲು ಬಿಡಬಾರದು, ಪಾಠ ಹೇಳಲು ಹಚ್ಚಬೇಕು ಎಂದುಕೊಂಡು ವಿಟೆನ್‌ಬರ್ಗ್ ಎಂಬ ಚಿಕ್ಕ ಪಟ್ಟಣದ ಹೊಸ ವಿಶ್ವವಿದ್ಯಾಲಯಕ್ಕೆ ಕಳಿಸಿದನು. 1512ರಲ್ಲಿ ಲೂಥರ್ ಡಾಕ್ಟರೇಟ್ ಪಡೆದು ಬೈಬಲ್ಲಿನ ಪ್ರಾಧ್ಯಾಪಕನಾದನು. ಕೀರ್ತನೆಗಳ ಮೇಲೆ, ಆಮೇಲೆ ಸಂತ ಪೌಲನು ರೋಮಿನವರಿಗೆ ಬರೆದ ಪತ್ರದ ಮೇಲೆ ಪಾಠ ಮಾಡುತ್ತಾ ಮಾಡುತ್ತಾ ಅವನಿಗೆ ಒಂದು ವಿಷಯ ಹೊಳೆಯಿತು. ದೇವರ ನೀತಿ ಎಂದರೆ ದೇವರು ಮನುಷ್ಯನಿಂದ ವಸೂಲು ಮಾಡುವ ನೀತಿ ಅಲ್ಲ, ಮನುಷ್ಯನಿಗೆ ಉಚಿತವಾಗಿ ಕೊಡುವ ನೀತಿ. ಅದನ್ನು ನಂಬಿಕೆಯಿಂದ ಸ್ವೀಕರಿಸಬೇಕೇ ವಿನಾ ದುಡಿದು ಗಳಿಸಲಾಗದು. ಅಂದರೆ ಖಾತೆ ಕೂಡಿಸುವ ಕೆಲಸವೇ ಮನುಷ್ಯನದಲ್ಲ. ಮಠದ ಆ ರಾತ್ರಿಗಳಿಂದ ಅವನನ್ನು ಬಿಡಿಸಿದ್ದು ಈ ತಿಳಿವಳಿಕೆ. ಮುಂದೆ ಅವನು ಹೋರಾಡಿದ್ದೆಲ್ಲ ಇದೊಂದರ ಸಲುವಾಗಿಯೇ ಎಂದರೆ ತಪ್ಪಾಗಲಾರದು.

ಇನ್ನು ಹಣದ ವಿಷಯಕ್ಕೆ ಬರೋಣ.

ಪಾಪವಿಮೋಚನ ಪತ್ರ ಎಂದರೆ ದುಡ್ಡು ಕೊಟ್ಟು ಪಾಪ ತೊಳೆದುಕೊಳ್ಳುವ ಚೀಟಿ ಎಂದಷ್ಟೇ ನಾವು ಓದಿದ್ದೇವೆ. ಚರ್ಚಿನ ಬೋಧನೆ ಅಷ್ಟು ಒರಟಾಗಿರಲಿಲ್ಲ. ಪಶ್ಚಾತ್ತಾಪಪಟ್ಟು ಗುರುವಿನ ಮುಂದೆ ನಿವೇದಿಸಿಕೊಂಡರೆ ಪಾಪಕ್ಕೆ ಕ್ಷಮೆ ಸಿಗುತ್ತದೆ. ಆದರೆ ಅದಕ್ಕೆ ತಕ್ಕ ಶಿಕ್ಷೆ ಸ್ವಲ್ಪ ಉಳಿದಿರುತ್ತದೆ. ಅದನ್ನು ಇಲ್ಲಿ ಪ್ರಾಯಶ್ಚಿತ್ತದಿಂದ ತೀರಿಸಬೇಕು, ಇಲ್ಲವೇ ಸತ್ತ ಮೇಲೆ ಶುದ್ಧೀಕರಣ ಸ್ಥಳದಲ್ಲಿ ಅನುಭವಿಸಬೇಕು. ಯೇಸುವೂ ಸಂತರೂ ಗಳಿಸಿಟ್ಟ ಪುಣ್ಯ ಒಂದು ಅಕ್ಷಯ ಭಂಡಾರವಾಗಿದೆ ಎಂದೂ, ಅದರಿಂದ ತೆಗೆದು ಬೇರೆಯವರ ಬಾಕಿಗೆ ಜಮಾ ಮಾಡುವ ಅಧಿಕಾರ ಚರ್ಚಿಗೆ ಉಂಟೆಂದೂ 1343ರಲ್ಲಿ ಒಬ್ಬ ಪೋಪ್ ಘೋಷಿಸಿದ್ದನು. 1476ರಲ್ಲಿ ಇನ್ನೊಬ್ಬ ಪೋಪ್ ಈ ಸೌಲಭ್ಯವನ್ನು ಸತ್ತವರಿಗೂ ವಿಸ್ತರಿಸಿದನು. ತೀರಿಹೋದ ತಾಯಿಯ ಹೆಸರಿನಲ್ಲಿ ಮಗ ಹಣ ಕಟ್ಟಬಹುದು. ಯಾವ ಮಗ ತಾನೇ ಕಟ್ಟದೆ ಇರುತ್ತಾನೆ? ವ್ಯಾಪಾರ ಬೆಳೆದದ್ದು ಇಲ್ಲೇ.

1514ರಲ್ಲಿ ಆಲ್‌ಬ್ರೆಕ್ಟ್ ಎಂಬ ರಾಜಕುಮಾರ ಮೈನ್ಸ್ ನಗರದ ಆರ್ಚ್‌ಬಿಷಪ್ ಆದನು. ವಯಸ್ಸು ಇಪ್ಪತ್ತನಾಲ್ಕು. ಅಷ್ಟರಲ್ಲಾಗಲೇ ಮಾಗ್ಡೆಬರ್ಗಿನ ಆರ್ಚ್‌ಬಿಷಪ್ ಪದವಿಯೂ ಅವನ ಕೈಯಲ್ಲಿತ್ತು. ವಯಸ್ಸು ಸಾಲದು, ಒಂದಕ್ಕಿಂತ ಹೆಚ್ಚು ಪದವಿ ಇಟ್ಟುಕೊಳ್ಳುವಂತಿಲ್ಲ, ಎರಡಕ್ಕೂ ರೋಮಿನಿಂದ ವಿಶೇಷ ಅನುಮತಿ ಬೇಕು, ಅನುಮತಿಗೆ ಭಾರಿ ಹಣ ಕಟ್ಟಬೇಕು. ಅವನು ಔಗ್ಸ್‌ಬರ್ಗಿನ ಸಾಹುಕಾರ ಯಾಕೊಬ್ ಫುಗ್ಗರನ ಮನೆಯಿಂದ 29,000 ಗುಲ್ಡನ್ ಸಾಲ ಎತ್ತಿದನು. ಫುಗ್ಗರ್ ಎಂದರೆ ಆ ಕಾಲದ ಯೂರೋಪಿನ ಅತಿ ದೊಡ್ಡ ಬ್ಯಾಂಕರು, ರಾಜರಿಗೇ ಸಾಲ ಕೊಡುವವನು. ತೀರಿಸುವ ದಾರಿಯನ್ನೂ ಮೊದಲೇ ಗೊತ್ತು ಮಾಡಿದ್ದರು. ರೋಮಿನ ಸಂತ ಪೇತ್ರರ ದೇವಾಲಯದ ಕಟ್ಟಡಕ್ಕೆಂದು ಪೋಪ್ ಹತ್ತನೇ ಲಿಯೋ ಹೊರಡಿಸಿದ ವಿಮೋಚನ ಪತ್ರಗಳನ್ನು ಆಲ್‌ಬ್ರೆಕ್ಟ್ ತನ್ನ ಸೀಮೆಯಲ್ಲಿ ಮಾರಿಸಬೇಕು. ಬಂದದ್ದರಲ್ಲಿ ಅರ್ಧ ರೋಮಿಗೆ, ಅರ್ಧ ಸಾಲದ ಖಾತೆಗೆ. ಕಾಣಿಕೆ ಪೆಟ್ಟಿಗೆಯ ಜೊತೆಗೆ ಫುಗ್ಗರನ ಗುಮಾಸ್ತನೂ ಊರೂರು ಸುತ್ತುತ್ತಿದ್ದ. ಜನರಿಗೆ ಹೇಳುತ್ತಿದ್ದದ್ದು ದೇವಾಲಯದ ಕಟ್ಟಡದ ವಿಷಯ ಮಾತ್ರ. ಸಾಲದ ವಿಷಯ ಗುಟ್ಟು. ಆಡಿಟರ್ ಇದ್ದಿದ್ದರೆ ಏನು ಬರೆಯುತ್ತಿದ್ದನೋ!

ದರಪಟ್ಟಿಯೂ ಇತ್ತು. ರಾಜರು, ಆರ್ಚ್‌ಬಿಷಪ್ಪರು 25 ಗುಲ್ಡನ್ ಕೊಡಬೇಕು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಬಂದು ಏನೂ ಇಲ್ಲದ ಬಡವರಿಗೆ ಪ್ರಾರ್ಥನೆ, ಉಪವಾಸವೇ ಸಾಕು. ಪತ್ರಗಳು ಅಚ್ಚಾದ ಫಾರಂಗಳು, ಹೆಸರು ತುಂಬಲು ಜಾಗ ಬಿಟ್ಟಿರುತ್ತಿತ್ತು. ಮುದ್ರಣ ಯಂತ್ರದ ಜನಕ ಗುಟೆನ್‌ಬರ್ಗನ ಕಾಲದಲ್ಲೇ, 1454-55ರಲ್ಲಿ, ಇದೇ ಮೈನ್ಸ್ ನಗರದಲ್ಲಿ ಇಂಥ ಫಾರಂಗಳು ಅಚ್ಚಾಗಿದ್ದವು.

ಮಾರಾಟದ ಮುಖ್ಯಸ್ಥ ಯೊಹಾನ್ ಟೆಟ್ಸೆಲ್ ಎಂಬ ಡೊಮಿನಿಕನ್ ಸನ್ಯಾಸಿ, ಒಳ್ಳೆಯ ಮಾತುಗಾರ. ಲೂಥರನ ದೊರೆಯಾದ ಸ್ಯಾಕ್ಸನಿಯ ಫ್ರೆಡರಿಕ್ ತನ್ನ ಸೀಮೆಯೊಳಗೆ ಅವನನ್ನು ಬಿಡಲಿಲ್ಲ. ಅದು ತತ್ತ್ವಕ್ಕಾಗಿ ಅಲ್ಲ. ಫ್ರೆಡರಿಕನ ಬಳಿ ಸಂತರ ಎಲುಬು, ಬಟ್ಟೆ ಮುಂತಾದ ಸಾವಿರಾರು ಪವಿತ್ರ ಅವಶೇಷಗಳ ಸಂಗ್ರಹವಿತ್ತು. ಅದನ್ನು ನೋಡಿ ಕಾಣಿಕೆ ಹಾಕಿದವರಿಗೂ ವಿಮೋಚನೆ ಸಿಗುತ್ತಿತ್ತು, ಪ್ರತಿಸ್ಪರ್ಧಿ ಯಾಕೆ ಬೇಕು? ಆದರೆ ವಿಟೆನ್‌ಬರ್ಗಿನ ಜನ ಗಡಿ ದಾಟಿ ಹೋಗಿ ಟೆಟ್ಸೆಲನ ಪತ್ರ ಕೊಂಡು ತಂದರು. ಪಾಪನಿವೇದನೆ ಕೇಳುವ ಗುರುವೂ ಆಗಿದ್ದ ಲೂಥರನಿಗೆ ಆಘಾತವಾದದ್ದು ಇಲ್ಲಿಯೇ. ತಾನು ವರ್ಷಗಟ್ಟಲೆ ಒದ್ದಾಡಿ, ಖಾತೆ ತೀರಿಸಲು ಸಾಧ್ಯವೇ ಇಲ್ಲ ಎಂದು ಕಂಡುಕೊಂಡಿದ್ದಾನೆ. ಇವರು ಅದನ್ನು ಒಂದು ಗುಲ್ಡನ್ನಿಗೆ ತೀರಿಸಿ ರಸೀದಿ ಕೊಡುತ್ತಿದ್ದಾರೆ!

1517ರ ಅಕ್ಟೋಬರ್ 31ರಂದು ಅವನು 95 ವಾದಸೂತ್ರಗಳನ್ನು ಬರೆದು ಕಾಗದದೊಂದಿಗೆ ಆಲ್‌ಬ್ರೆಕ್ಟನಿಗೇ ಕಳಿಸಿದನು. ಸಾಲದ ಗುಟ್ಟು ಅವನಿಗೆ ಆಗ ಗೊತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು. ಬಾಗಿಲಿಗೆ ಮೊಳೆ ಹೊಡೆದ ಕಥೆಯನ್ನು ಹೇಳಿದವನು ಅವನ ಗೆಳೆಯ ಮೆಲಾಂಕ್ತನ್, ಅದೂ ಲೂಥರ್ ತೀರಿಕೊಂಡ ಮೇಲೆ. ನಿಜವೋ ಅಲ್ಲವೋ ಎಂದು ವಿದ್ವಾಂಸರಲ್ಲಿ ವಾದವಿದೆ. ಸೂತ್ರಗಳಿದ್ದದ್ದು ಲ್ಯಾಟಿನ್ ಭಾಷೆಯಲ್ಲಿ, ಪಂಡಿತರ ಚರ್ಚೆಗಾಗಿ. ಆದರೆ ಕೆಲವೇ ವಾರಗಳಲ್ಲಿ ಲೈಪ್‌ಜಿಗ್, ನ್ಯೂರೆಂಬರ್ಗ್, ಬಾಸೆಲ್ ಊರುಗಳಲ್ಲಿ ಅಚ್ಚಾಗಿ ಹರಡಿದವು. ವಿಮೋಚನ ಪತ್ರ ಅಚ್ಚು ಹಾಕುತ್ತಿದ್ದ ಅದೇ ಯಂತ್ರ ಈಗ ಅದರ ವಿರುದ್ಧವೂ ಅಚ್ಚು ಹಾಕಿತು.

ಮುಂದಿನ ನಾಲ್ಕು ವರ್ಷ ಒಂದರ ಹಿಂದೆ ಒಂದು ವಿಚಾರಣೆ. 1518ರಲ್ಲಿ ಔಗ್ಸ್‌ಬರ್ಗಿನಲ್ಲಿ ಪೋಪನ ಪ್ರತಿನಿಧಿ ಕಾರ್ಡಿನಲ್ ಕಾಯೆಟಾನ್ ಎದುರು ಹಾಜರಾದನು. ಕಾರ್ಡಿನಲ್ ಇಳಿದುಕೊಂಡಿದ್ದದ್ದು ಫುಗ್ಗರನ ಅರಮನೆಯಲ್ಲಿ! 1519ರಲ್ಲಿ ಲೈಪ್‌ಜಿಗ್‌ನಲ್ಲಿ ಯೊಹಾನ್ ಎಕ್ ಎಂಬ ಪಂಡಿತನೊಡನೆ ವಾದ. ನೂರು ವರ್ಷಗಳ ಹಿಂದೆ, 1415ರಲ್ಲಿ, ಬೊಹೀಮಿಯದ ಯಾನ್ ಹುಸ್‌ನನ್ನು ಚರ್ಚಿನ ಮಹಾಸಭೆ ತಪ್ಪಿತಸ್ಥನೆಂದು ತೀರ್ಮಾನಿಸಿದ ಮೇಲೆ ಸುಟ್ಟಿದ್ದರು. ಹುಸ್ ಹೇಳಿದ್ದರಲ್ಲೂ ಸತ್ಯವಿದೆ ಎಂದು ಲೂಥರನ ಬಾಯಿಂದ ಎಕ್ ಹೊರಡಿಸಿಬಿಟ್ಟ. ಪೋಪ್ ಮಾತ್ರವಲ್ಲ, ಮಹಾಸಭೆಯೂ ತಪ್ಪಬಹುದು ಎಂದಾಯಿತು. ಇನ್ನು ಹಿಂದಕ್ಕೆ ಹೋಗಲು ದಾರಿಯಿರಲಿಲ್ಲ. ಅದೇ 1519ರಲ್ಲಿ, ಎಲ್ಲರೂ ಕೈಬಿಟ್ಟ ಟೆಟ್ಸೆಲ್ ಕಾಯಿಲೆಯಿಂದ ಸಾಯುತ್ತಿದ್ದಾಗ, ಅವನಿಗೆ ಸಮಾಧಾನದ ಕಾಗದ ಬರೆದವನು ಲೂಥರನೇ. ಈ ಜಗಳ ನಿನ್ನಿಂದ ಶುರುವಾದದ್ದಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂಬ ಅರ್ಥದ ಕಾಗದ ಅದು. ಈ ವಿಷಯ ಓದಿದಾಗ ನನಗೆ ಅವನ ಮೇಲೆ ನಿಜವಾಗಿ ಪ್ರೀತಿ ಹುಟ್ಟಿತು.

1520ರ ಜೂನಿನಲ್ಲಿ ಪೋಪನ ಎಚ್ಚರಿಕೆಯ ಆಜ್ಞೆ ಹೊರಟಿತು. ಡಿಸೆಂಬರ್ 10ರಂದು ಲೂಥರ್ ಅದನ್ನು ವಿಟೆನ್‌ಬರ್ಗಿನಲ್ಲಿ ಬೆಂಕಿಗೆ ಹಾಕಿದನು. 1521ರ ಜನವರಿ 3ರಂದು ಧರ್ಮಬಹಿಷ್ಕಾರ ಬಿತ್ತು. ಏಪ್ರಿಲ್ 17 ಮತ್ತು 18ರಂದು ವರ್ಮ್ಸ್ ನಗರದಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಎದುರು ನಿಲ್ಲಬೇಕಾಯಿತು. ಚಕ್ರವರ್ತಿಗೆ ಇಪ್ಪತ್ತೊಂದು ವರ್ಷ, ಲೂಥರನಿಗೆ ಮೂವತ್ತೇಳು. ಮೇಜಿನ ಮೇಲೆ ಅವನ ಪುಸ್ತಕಗಳನ್ನು ರಾಶಿ ಹಾಕಿ, ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೀಯಾ ಎಂದು ಕೇಳಿದರು. ಒಂದು ದಿನ ಸಮಯ ಬೇಡಿದನು. ಮರುದಿನ, ಬೈಬಲ್ಲಿನಿಂದಲೋ ಸ್ಪಷ್ಟ ತರ್ಕದಿಂದಲೋ ತೋರಿಸಿಕೊಟ್ಟ ಹೊರತು ಹಿಂತೆಗೆಯಲಾರೆ ಎಂಬ ಉತ್ತರ ಕೊಟ್ಟನು. ಅಲ್ಲಿಂದ ಮರಳುವಾಗ ದಾರಿಯ ಕಾಡಿನಲ್ಲಿ ಕುದುರೆ ಸವಾರರು ಅವನನ್ನು ಹಿಡಿದು ಒಯ್ದರು. ಸತ್ತನೆಂದೇ ಅನೇಕರು ನಂಬಿದರು. ಅದು ದೊರೆ ಫ್ರೆಡರಿಕನೇ ಅವನನ್ನು ಉಳಿಸಲು ಹೂಡಿದ ಆಟ. ವಾರ್ಟ್‌ಬುರ್ಗ್ ಕೋಟೆಯಲ್ಲಿ ಗಡ್ಡ ಬಿಟ್ಟು, ಸರದಾರನ ವೇಷ ಹಾಕಿ, ಹೆಸರು ಬದಲಾಯಿಸಿ ಹತ್ತು ತಿಂಗಳು ಅಡಗಿದ್ದನು.

ಸಾಹಿತ್ಯ ಸಂಘದವರಾದ ನಮಗೆ ಮುಖ್ಯವಾದ ಕೆಲಸ ನಡೆದದ್ದು ಆ ಕೋಟೆಯಲ್ಲಿ. ಸುಮಾರು ಹನ್ನೊಂದು ವಾರಗಳಲ್ಲಿ ಅವನು ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ಜರ್ಮನ್ ಭಾಷೆಗೆ ತಂದನು. 1522ರ ಸೆಪ್ಟೆಂಬರಿನಲ್ಲಿ ಸುಮಾರು 3,000 ಪ್ರತಿ ಅಚ್ಚಾಗಿ, ಡಿಸೆಂಬರಿನಲ್ಲೇ ಎರಡನೇ ಮುದ್ರಣ ಬೇಕಾಯಿತು. ಇಡೀ ಬೈಬಲ್ ಗೆಳೆಯರ ನೆರವಿನಿಂದ 1534ರಲ್ಲಿ ಮುಗಿಯಿತು. ಜರ್ಮನ್ ಬೈಬಲ್ ಅವನಿಗಿಂತ ಮೊದಲು ಇರಲಿಲ್ಲವೆಂದಲ್ಲ, ಹದಿನೆಂಟು ಮುದ್ರಣಗಳು ಬಂದಿದ್ದವು. ಆದರೆ ಅವು ಲ್ಯಾಟಿನ್ನಿನಿಂದ ಮಾಡಿದವು, ವಾಕ್ಯಗಳು ಲ್ಯಾಟಿನ್ನಿನ ಹಾಗೇ ಬಿಗಿದುಕೊಂಡಿದ್ದವು. ಲೂಥರ್ ಆಸ್ಥಾನದ ಕಚೇರಿ ಭಾಷೆಯನ್ನು ತಳಹದಿಯಾಗಿ ಇಟ್ಟುಕೊಂಡು, ಮನೆಯ ಹೆಂಗಸರು, ಬೀದಿಯ ಮಕ್ಕಳು, ಸಂತೆಯ ಜನ ಆಡುವ ಮಾತಿಗೆ ಕಿವಿಗೊಟ್ಟನು. ಬಲಿಯ ಪ್ರಾಣಿಗಳ ಅಂಗಾಂಗಗಳ ಹೆಸರು ತಿಳಿಯಲು ಕಟುಕನ ಹತ್ತಿರವೇ ಹೋಗಿ ಕೇಳಿದನೆಂದು ಹೇಳುತ್ತಾರೆ. ಮನೆಯಲ್ಲೊಂದು ಮಾತು, ಕಾಲೇಜಿನಲ್ಲೊಂದು ಮಾತು, ಲೋಕಲ್ ಟ್ರೇನಿನಲ್ಲೊಂದು ಮಾತು ಆಡುವ ನಮಗೆ ಇದರ ಬೆಲೆ ಗೊತ್ತಾಗಬೇಕು. ಇನ್ನೊಂದು ಮಾತು: ಇಷ್ಟೆಲ್ಲ ಪುಸ್ತಕ ಮಾರಾಟವಾದರೂ ಅವನು ಪ್ರಕಾಶಕರಿಂದ ಸಂಭಾವನೆ ತೆಗೆದುಕೊಳ್ಳಲಿಲ್ಲ.

ಆ ಬೈಬಲ್ಲನ್ನು ಓದಿ ಬೆಳೆದ ನಾಡಿನವರು ಮುನ್ನೂರು ವರ್ಷಗಳ ಮೇಲೆ ನಮ್ಮ ಕರಾವಳಿಗೂ ಬಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಪ್ರಾಟೆಸ್ಟಂಟರದು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಅವರೂ, 1894ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಫರ್ಡಿನೆಂಡ್ ಕಿಟೆಲ್ ಅವರೂ ಜರ್ಮನರು. ದೇವರ ಮಾತು ಜನರ ಮಾತಿನಲ್ಲೇ ತಲುಪಬೇಕು, ಅದಕ್ಕೆ ಮೊದಲು ಜನರ ಮಾತನ್ನು ಕಲಿಯಬೇಕು ಎಂಬ ಶ್ರದ್ಧೆ ಎಲ್ಲಿಂದ ಬಂತೆಂದು ಹುಡುಕಿದರೆ ದಾರಿ ವಾರ್ಟ್‌ಬುರ್ಗ್ ಕೋಟೆಯ ಆ ಕೋಣೆಗೆ ಹೋಗುತ್ತದೆ.

ಕೋಟೆಯಿಂದ ಹೊರಗೆ ಬಂದ ಲೂಥರ್ ಊರುಗಳನ್ನು ಕಟ್ಟಬೇಕಾಯಿತು. ಮಠಗಳು ಮುಚ್ಚುತ್ತಿದ್ದವು, ಅವುಗಳ ಆಸ್ತಿ ಏನಾಗಬೇಕು? 1523ರಲ್ಲಿ ಲೈಸ್‌ನಿಗ್ ಎಂಬ ಊರಿನವರು ಅವನ ಸಲಹೆ ಪಡೆದು ಒಂದು ಸಾರ್ವಜನಿಕ ಪೆಟ್ಟಿಗೆ ಇಟ್ಟರು. ಬಡವರು, ಅನಾಥರು, ಶಾಲೆ, ಚರ್ಚು ಎಲ್ಲಕ್ಕೂ ಖರ್ಚು ಅದರಿಂದಲೇ. ಪೆಟ್ಟಿಗೆಗೆ ನಾಲ್ಕು ಬೇರೆ ಬೇರೆ ಬೀಗ. ಶ್ರೀಮಂತರು, ನಗರಸಭೆ, ಊರ ಜನ, ಹಳ್ಳಿಯ ರೈತರು, ಪ್ರತಿಯೊಬ್ಬರ ಬಳಿ ಒಂದೊಂದು ಕೀಲಿಕೈ. ಲೆಕ್ಕ ಬರೆದಿಟ್ಟು ಊರಿನ ಸಭೆಗೆ ಒಪ್ಪಿಸಬೇಕು. ಸಾಹುಕಾರನ ಗುಮಾಸ್ತ ಕಾವಲು ಕಾಯುತ್ತಿದ್ದ ಆ ಪೆಟ್ಟಿಗೆ ಎಲ್ಲಿ, ನಾಲ್ಕು ಕೀಲಿಯ ಈ ಪೆಟ್ಟಿಗೆ ಎಲ್ಲಿ! 1524ರಲ್ಲಿ ಅವನು ವ್ಯಾಪಾರ ಮತ್ತು ಬಡ್ಡಿಯ ಬಗ್ಗೆಯೂ ಬರೆದನು. ಮಾಲನ್ನೆಲ್ಲ ಒಬ್ಬನೇ ಕೊಂಡು ಬೆಲೆ ಏರಿಸುವವರನ್ನು ಝಾಡಿಸಿದನು. ಬೆಲೆ ಎಂದರೆ ಮಾಲಿಗೆ ಬಿದ್ದ ಖರ್ಚು, ಪಟ್ಟ ಶ್ರಮ, ಹೊತ್ತ ಅಪಾಯ ಇಷ್ಟು ಹುಟ್ಟಿದರೆ ಸಾಕು, ಕೊಳ್ಳುವವನ ಕಷ್ಟ ನೋಡಿ ಹೆಚ್ಚಿಸಬಾರದು ಎಂಬುದು ಅವನ ವಾದ. ನಮ್ಮ ಕಾಸ್ಟಿಂಗ್ ಪೇಪರಿನಲ್ಲಿ ಇದು ಅರ್ಧ ಉತ್ತರವಾದೀತು.

ಇಲ್ಲಿಯವರೆಗೆ ಬರೆಯುವುದು ಸುಲಭವಾಗಿತ್ತು. ಇನ್ನು ಮುಂದಿನದು ಕಷ್ಟ.

1524-25ರಲ್ಲಿ ಜರ್ಮನಿಯ ರೈತರು ದಂಗೆ ಎದ್ದರು. ಬಿಟ್ಟಿ ದುಡಿಮೆ, ಜೀತ, ಹೆಚ್ಚಿದ ಕಂದಾಯ, ಕಾಡು ಹೊಳೆಗಳ ಮೇಲೆ ದೊರೆಗಳ ಹಿಡಿತ ಇವುಗಳ ವಿರುದ್ಧ ಹನ್ನೆರಡು ಬೇಡಿಕೆಗಳನ್ನು ಅಚ್ಚು ಹಾಕಿಸಿದರು. ಲೂಥರನೇ ಬಳಸಿದ ಸ್ವಾತಂತ್ರ್ಯ ಎಂಬ ಮಾತು, ಅವನೇ ತೋರಿಸಿದ ಬೈಬಲ್ ಅವರ ಕೈಯಲ್ಲಿತ್ತು. ಮೊದಲು ಅವನು ಎರಡೂ ಕಡೆಗೆ ಬುದ್ಧಿ ಹೇಳಿದನು, ದೊರೆಗಳ ಅನ್ಯಾಯವನ್ನು ಎತ್ತಿ ಆಡಿದನು. ದಂಗೆ ಹಿಂಸೆಗೆ ತಿರುಗಿದಾಗ ಮಾತ್ರ, ರೈತರನ್ನು ಯಾವ ಕರುಣೆಯೂ ಇಲ್ಲದೆ ಹೊಡೆದು ಹಾಕಬೇಕೆಂದು ದೊರೆಗಳಿಗೆ ಹೇಳುವ ಭಯಂಕರವಾದ ಪುಸ್ತಿಕೆಯೊಂದನ್ನು ಬರೆದನು. 1525ರ ಮೇ 15ರಂದು ಫ್ರಾಂಕೆನ್‌ಹೌಸೆನ್‌ನಲ್ಲಿ ಸಾವಿರಾರು ರೈತರ ಹತ್ಯೆಯಾಯಿತು. ಇಡೀ ದಂಗೆಯಲ್ಲಿ ಸತ್ತವರು ಒಂದು ಲಕ್ಷದವರೆಗೂ ಇರಬಹುದೆಂದು ಇತಿಹಾಸಕಾರರ ಅಂದಾಜು. ದೊರೆಗಳು ಅವನ ಪುಸ್ತಿಕೆಗೆ ಕಾದು ಕೂತಿರಲಿಲ್ಲ ನಿಜ. ಆದರೂ ರೈತ ವಂಶದವನ ಲೇಖನಿಯಿಂದ ಆ ಮಾತು ಬಂತಲ್ಲ!

ಅದೇ ವರ್ಷ ಜೂನ್ 13ರಂದು ಅವನು ಕಥರೀನಾ ಫಾನ್ ಬೋರಾ ಎಂಬಾಕೆಯನ್ನು ಮದುವೆಯಾದನು. ಆಕೆ ಮೊದಲು ಸನ್ಯಾಸಿನಿ. 1523ರಲ್ಲಿ ಸಂಗಾತಿಯರೊಡನೆ, ಮಠಕ್ಕೆ ಮೀನು ತರುವ ವ್ಯಾಪಾರಿಯ ಗಾಡಿಯಲ್ಲಿ ತಪ್ಪಿಸಿಕೊಂಡು ಬಂದವಳು. ಗಂಡ ಲೆಕ್ಕಾಚಾರದಲ್ಲಿ ಸೊನ್ನೆ, ಕೇಳಿದವರಿಗೆಲ್ಲ ಕೊಟ್ಟುಬಿಡುವವನು. ಮನೆ ನಿಂತದ್ದು ಆಕೆಯಿಂದ. ಹಳೆಯ ಮಠದ ಕಟ್ಟಡದಲ್ಲಿ ವಿದ್ಯಾರ್ಥಿಗಳನ್ನು ಊಟ ವಸತಿಗೆ ಇಟ್ಟುಕೊಂಡಳು, ಬಿಯರ್ ಮಾಡಿದಳು, ದನ ಹಂದಿ ಸಾಕಿದಳು, ಜಮೀನು ಕೊಂಡಳು. ಆರು ಮಕ್ಕಳಾದರು. ಒಂದು ಹೆಣ್ಣು ಕೂಸಾಗಿದ್ದಾಗಲೇ ಹೋಯಿತು. ಇನ್ನೊಬ್ಬಳು ಮಗ್ಡಲೇನಾ 1542ರಲ್ಲಿ ಹದಿಮೂರನೇ ವಯಸ್ಸಿನಲ್ಲಿ ತಂದೆಯ ತೋಳಿನಲ್ಲೇ ಪ್ರಾಣಬಿಟ್ಟಳು. ಲೋಕಕ್ಕೆಲ್ಲ ನಂಬಿಕೆ ಬೋಧಿಸಿದವನಿಗೆ ಆ ದುಃಖ ತಡೆಯಲಾಗಲಿಲ್ಲ. ಅದೇ ವರ್ಷ ಬರೆದ ಉಯಿಲಿನಲ್ಲಿ ಅವನು, ಆ ಸೀಮೆಯ ರೂಢಿಗೆ ವಿರುದ್ಧವಾಗಿ, ಎಲ್ಲವನ್ನೂ ಹೆಂಡತಿಯ ಹೆಸರಿಗೇ ಬರೆದನು.

ಇಂಥ ಮನುಷ್ಯನೇ ಮರುವರ್ಷ, 1543ರಲ್ಲಿ, ಯೆಹೂದ್ಯರ ವಿರುದ್ಧ ಒಂದು ಪುಸ್ತಕ ಬರೆದನು. ಅವರ ಪ್ರಾರ್ಥನಾ ಮಂದಿರಗಳನ್ನು ಸುಡಬೇಕು, ಮನೆಗಳನ್ನು ಕೆಡವಬೇಕು, ಧರ್ಮಗ್ರಂಥಗಳನ್ನು ಕಿತ್ತುಕೊಳ್ಳಬೇಕು ಎಂದೆಲ್ಲ ಅದರಲ್ಲಿದೆ. ಇಪ್ಪತ್ತು ವರ್ಷದ ಹಿಂದೆ, 1523ರಲ್ಲಿ, ಯೇಸು ಹುಟ್ಟಿನಿಂದ ಯೆಹೂದ್ಯನೇ, ಅವರೊಡನೆ ದಯೆಯಿಂದ ನಡೆದುಕೊಳ್ಳಿ ಎಂದು ಬರೆದವನೂ ಅವನೇ. ಅವರು ತನ್ನ ಮತಕ್ಕೆ ಬರಲಿಲ್ಲವೆಂಬ ಕೋಪ ಹೀಗೆ ವಿಷವಾಯಿತು. ನಾನೂರು ವರ್ಷಗಳ ಮೇಲೆ ನಾಜಿಗಳು ಈ ಪುಸ್ತಕವನ್ನು ಹೊರಗೆಳೆದು ಮೆರೆಸಿದರು. 1994ರಲ್ಲಿ ಅಮೆರಿಕದ ಇವ್ಯಾಂಜೆಲಿಕಲ್ ಲೂಥರನ್ ಚರ್ಚು ಈ ಬರಹಗಳನ್ನು ಬಹಿರಂಗವಾಗಿ ತಿರಸ್ಕರಿಸಿ ಯೆಹೂದ್ಯರ ಮುಂದೆ ದುಃಖ ತೋಡಿಕೊಂಡಿತು.

ಈಗ ಇವನ ಖಾತೆಯನ್ನು ಹೇಗೆ ಬರೆಯುವುದು? ಜಮಾ ಕಡೆಯಲ್ಲಿ ಬೈಬಲ್, ಭಾಷೆ, ವರ್ಮ್ಸಿನ ಧೈರ್ಯ, ಟೆಟ್ಸೆಲನಿಗೆ ಬರೆದ ಕಾಗದ. ಖರ್ಚು ಕಡೆಯಲ್ಲಿ ರೈತರು, ಯೆಹೂದ್ಯರು. ಅದನ್ನು ಇದರಲ್ಲಿ ವಜಾ ಹಾಕಿ ಉಳಿದದ್ದಿಷ್ಟು ಎಂದು ತೋರಿಸುವ ಆಸೆ ಯಾರಿಗಾದರೂ ಆಗುತ್ತದೆ. ಕಾಲ ಹಾಗಿತ್ತು, ಒಟ್ಟಿನಲ್ಲಿ ದೊಡ್ಡವನು ಎಂದುಬಿಟ್ಟರೆ ಆಯಿತಲ್ಲ. ಆದರೆ ಅಕೌಂಟೆನ್ಸಿಯ ಮೊದಲ ಪಾಠಗಳಲ್ಲೇ ಇದೆ: ಬರಬೇಕಾದದ್ದನ್ನು ಒಬ್ಬನ ಹೆಸರಿಗೆ, ಕೊಡಬೇಕಾದದ್ದನ್ನು ಇನ್ನೊಬ್ಬನ ಹೆಸರಿಗೆ ಬೇರೆಬೇರೆಯಾಗಿ ತೋರಿಸಬೇಕು, ಮನಸ್ಸಿಗೆ ಬಂದಂತೆ ಒಂದಕ್ಕೊಂದು ವಜಾ ಹಾಕಬಾರದು. ಫ್ರಾಂಕೆನ್‌ಹೌಸೆನ್‌ನಲ್ಲಿ ಸತ್ತ ರೈತನ ಬಾಕಿಯನ್ನು ಬೈಬಲ್ ಓದಿ ಸಂತೋಷಪಟ್ಟ ಪಟ್ಟಣಿಗನ ಜಮೆಯಿಂದ ತೀರಿಸಲು ಬರುವುದಿಲ್ಲ. ಹಾಗೆ ತೀರಿಸಿದರೆ ಲೂಥರನ ಹೆಸರು ತುಂಬಿ ನಾವೇ ಒಂದು ಪಾಪವಿಮೋಚನ ಪತ್ರ ಬರೆದುಕೊಟ್ಟ ಹಾಗೆ. ಅದನ್ನು ಅವನೇ ಒಪ್ಪುತ್ತಿರಲಿಲ್ಲ. ಪುಣ್ಯದಿಂದ ಪಾಪ ವಜಾ ಆಗುವುದಿಲ್ಲ ಎಂಬುದೇ ಅವನ ಬದುಕಿನ ಸಾರ ತಾನೇ? ಹಾಗೆಯೇ, ಪಾಪ ಕಂಡಿತೆಂದು ಜಮಾ ಬದಿಯನ್ನು ಹೊಡೆದು ಹಾಕುವುದೂ ಸುಳ್ಳು ಲೆಕ್ಕವೇ. ಎರಡು ಪುಟಗಳನ್ನೂ ತೆರೆದಿಟ್ಟು ಓದುವುದಷ್ಟೇ ಪ್ರಾಮಾಣಿಕ ದಾರಿ ಎಂದು ನನ್ನ ಅಭಿಪ್ರಾಯ. ಮಿತ್ರರು ಒಪ್ಪದಿದ್ದರೆ ಮುಂದಿನ ಸಂಚಿಕೆಗೆ ಬರೆಯಲಿ.

ಲೂಥರನ ಏಟು ಬಿದ್ದ ಚರ್ಚೂ ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು, ನಮ್ಮ ಟಿಪ್ಪಣಿಗಳಲ್ಲಿ ಅದು ಬಿಟ್ಟುಹೋಗುತ್ತದೆ. 1545ರಿಂದ 1563ರವರೆಗೆ ಟ್ರೆಂಟ್ ನಗರದಲ್ಲಿ ಬಿಟ್ಟು ಬಿಟ್ಟು ನಡೆದ ಮಹಾಸಭೆ ಕ್ಯಾಥೊಲಿಕ್ ಬೋಧನೆಯನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಜೊತೆಗೆ ಗುರುಗಳ ಶಿಕ್ಷಣಕ್ಕೆ ವ್ಯವಸ್ಥೆ ಮಾಡಿತು, ಬಿಷಪ್ಪರು ತಮ್ಮ ಸೀಮೆಯಲ್ಲೇ ಇರಬೇಕೆಂದಿತು. ವಿಮೋಚನ ಪತ್ರಗಳ ಹಣ ವಸೂಲಿಗಾರರ ಹುದ್ದೆಯನ್ನೇ 1562ರಲ್ಲಿ ತೆಗೆದುಹಾಕಿತು. 1567ರಲ್ಲಿ ಪೋಪ್ ಐದನೇ ಪಯಸ್ ಹಣ ಕೊಟ್ಟು ಪಡೆಯುವ ವಿಮೋಚನೆಗಳನ್ನೆಲ್ಲ ರದ್ದು ಮಾಡಿದನು. ವಿಮೋಚನೆಯ ತತ್ತ್ವ ಕ್ಯಾಥೊಲಿಕರಲ್ಲಿ ಇಂದಿಗೂ ಉಂಟು. ಮಾರಾಟ ಮಾತ್ರ ಅಂದೇ ನಿಂತಿತು. 1999ರ ಅಕ್ಟೋಬರ್ 31ರಂದು ಲೂಥರನ್ ಒಕ್ಕೂಟದವರೂ ಕ್ಯಾಥೊಲಿಕ್ ಚರ್ಚಿನವರೂ, ಮನುಷ್ಯನ ಉದ್ಧಾರ ದೇವರ ಕೃಪೆಯಿಂದಲೇ ಎಂಬ ವಿಷಯದಲ್ಲಿ ತಮಗಿರುವ ಒಮ್ಮತವನ್ನು ಬರೆದು ಸಹಿ ಹಾಕಿದರು. ಸಹಿ ನಡೆದದ್ದು ಔಗ್ಸ್‌ಬರ್ಗಿನಲ್ಲಿ, ಫುಗ್ಗರನ ಊರಿನಲ್ಲಿ. ಆ ಊರಿನಲ್ಲಿ ಫುಗ್ಗರ್ ಬಡವರಿಗೆಂದು ಕಟ್ಟಿಸಿದ ವಠಾರ ಈಗಲೂ ಇದೆ. ವರ್ಷದ ಬಾಡಿಗೆ ಹಳೆಯ ಒಂದು ಗುಲ್ಡನ್ನಿನ ಲೆಕ್ಕದಲ್ಲೇ, ಒಂದು ಯೂರೋಗಿಂತ ಕಡಿಮೆ. ಅದರ ಜೊತೆಗೆ ದಿನಕ್ಕೆ ಮೂರು ಸಲ ಕಟ್ಟಿಸಿದವರ ಆತ್ಮಕ್ಕಾಗಿ ಪ್ರಾರ್ಥನೆ. ಸಾಹುಕಾರನಿಗೂ ತನ್ನ ಖಾತೆಯ ಚಿಂತೆ ಇತ್ತು ಅಂತಾಯಿತು!

ಲೂಥರನ ಕೊನೆಯ ಪ್ರಯಾಣವೂ ಒಂದು ಆಸ್ತಿ ಜಗಳದ ಸಲುವಾಗಿಯೇ. ಮಾನ್ಸ್‌ಫೆಲ್ಡಿನ ಪಾಳೆಯಗಾರ ಸಹೋದರರೊಳಗೆ ವ್ಯಾಜ್ಯ ಬಂದಿತ್ತು, ರಾಜಿ ಮಾಡಿಸಲು ಕರೆದಿದ್ದರು. ಆರೋಗ್ಯ ಕೆಟ್ಟಿದ್ದರೂ, ಚಳಿಗಾಲದ ನೆರೆ ದಾಟಿಕೊಂಡು ಹುಟ್ಟೂರು ಐಸ್ಲೇಬೆನ್ನಿಗೆ ಹೋದನು. ರಾಜ್ಯಪತ್ರಕ್ಕೆ ಸಹಿ ಬಿದ್ದ ಬೆನ್ನಿಗೇ, 1546ರ ಫೆಬ್ರವರಿ 18ರಂದು, ಅಲ್ಲೇ ತೀರಿಕೊಂಡನು. ವಯಸ್ಸು ಅರವತ್ತೆರಡು. ಕೊನೆಯಲ್ಲಿ ಬರೆದಿಟ್ಟ ಒಂದು ತುಂಡು ಕಾಗದ ಸಿಕ್ಕಿತು. ದೇವರ ಮುಂದೆ ಮನುಷ್ಯ ಕೈಚಾಚಿ ಬೇಡುವವನೇ ಹೊರತು ಸಾಲ ತೀರಿಸಿ ರಸೀದಿ ಕೇಳುವವನಲ್ಲ ಎಂಬುದು ಅದರ ತಾತ್ಪರ್ಯ. ಶವವನ್ನು ವಿಟೆನ್‌ಬರ್ಗಿಗೆ ತಂದು, ಮೊಳೆ ಹೊಡೆದನೆಂದು ಹೇಳುವ ಅದೇ ಚರ್ಚಿನೊಳಗೆ ಮಣ್ಣು ಮಾಡಿದರು.